ಸುಂಕದ ಸಾವಕಾರ

ಅವನು ಸತ್ತ ಸುದ್ದಿ ಬಂದ ಹೊತ್ತಿಗೆ ನಾನು ಓಣಿಯಲ್ಲಿ ಪೇಢೆ ಹಂಚುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ರಾಣೆಬೆನ್ನೂರಿನ ಅರ್ಧ ಮಂದಿ ಬೇರೆಯೇ ಅರ್ಥ ಮಾಡಿಕೊಂಡು ಕೂತಿದ್ದಾರೆ. ಪೇಢೆ ನನ್ನ ಮೊಮ್ಮಗಳದು. ಬೆಳಗಿನ ಜಾವ ಹಾವೇರಿಯ ದವಾಖಾನೆಯಲ್ಲಿ ಹುಟ್ಟಿದ್ದಳು, ನನ್ನ ಮಗನ ಚೊಚ್ಚಲ ಕೂಸು. ಒಳ್ಳೆ ಬ್ಯಾಡಗಿ ಮೆಣಸಿನಕಾಯಿಯ ಹಾಗೆ ಕೆಂಪಗೆ, ಮೈತುಂಬ ಸುಕ್ಕು ಸುಕ್ಕು. ನೋಡಿ ಬಂದವಳಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರನಿಗೂ ಪೇಢೆ ಕೊಟ್ಟಿದ್ದೆ.

ಎದುರು ಮನೆಯವಳು ಓಡಿ ಬಂದು ನನ್ನ ಕೈ ಹಿಡಿದಳು.

"ಅಯ್ಯ ಯವ್ವಾ, ಸಾವಕಾರ್ರು ಹ್ವಾದ್ರಂತ ಈಗ! ನೀ ನೋಡಿದ್ರ ಪೇಢೆ ಹಂಚಾಕತ್ತಿ, ಮಂದಿ ಏನಂದಾರು?"

"ಅಂವ ಹೋದದ್ದಕ್ಕ ನಾ ಯಾಕ ಪೇಢೆ ಖರ್ಚು ಮಾಡ್ಲೆ? ಅವಗ ಬೆಲ್ಲದ ಚೂರು ಸೈತ ಹೆಚ್ಚಾತು. ತಗೋ, ಬಾಯಿ ತಗಿ" ಎಂದು ಅವಳ ಬಾಯಿಗೂ ಒಂದು ಇಟ್ಟೆ.

ಸಂಜೆಯೊಳಗೆ ಸರ್ಕಲ್ಲಿನಲ್ಲಿ ಅವನ ಬ್ಯಾನರು ಎದ್ದಿತು. 'ಎಣ್ಣೆ ಉದ್ಯಮದ ಧೀಮಂತ, ಸಣ್ಣವರ ಬಂಧು' ಎಂದು ಬರೆಸಿದ್ದರು. ನಾನು ಓದಿದ್ದು ಮೂರನೆಯ ಇಯತ್ತೆ, ಆದರೂ ಅಷ್ಟು ದೊಡ್ಡ ಅಕ್ಷರ ಓದಲು ಬರುತ್ತದೆ. ಸಣ್ಣವರ ಬಂಧು! ಆ ಸಣ್ಣವರು ನಾವೇ. ಬ್ಯಾನರು ಬರೆಸುವವರು ನಮ್ಮನ್ನೊಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ, ಅದಕ್ಕೇ ಈಗ ನಾನೇ ಬರೆಯುತ್ತಿದ್ದೇನೆ. ಮನಸ್ಸು ಇಷ್ಟು ತುಂಬಿರುವಾಗ ಕೈ ತಾನೇ ಓಡುತ್ತದೆ. ಹೊಟ್ಟೆಕಿಚ್ಚಿನಿಂದ ಬರೆದಳು ಎನ್ನಲು ಯಾರಿಗೂ ಬಾರದಂಥ ದಿನ ಇದು.

ನಮ್ಮದು ಸಣ್ಣ ಎಣ್ಣೆ ಗಿರಣಿ. ಹಲಗೇರಿ ರಸ್ತೆಯ ಒಳ ಓಣಿಯಲ್ಲಿ ಒಂದು ತಗಡಿನ ಚಪ್ಪರ, ಒಂದು ಮೋಟಾರು, ಮೋಟಾರಿನಿಂದ ಗಾಣ ತಿರುಗಿಸುವ ಒಂದು ಉದ್ದನೆಯ ಪಟ್ಟಾ, ಪಕ್ಕದಲ್ಲಿ ಎರಡು ಎಮ್ಮೆ. ಅವನದು ಹೆದ್ದಾರಿ ಬದಿಯ ದೊಡ್ಡ ಗಿರಣಿ. ಊರಿನ ಎಣ್ಣೆ ಗಿರಣಿಗಳ ಸಂಘಕ್ಕೆ ಅವನೇ ಅಧ್ಯಕ್ಷ. ಯಾರು ಆರಿಸಿದರೋ ತಿಳಿಯದು. ಒಂದು ದಿನ ಕಾರಿನ ಮೇಲೆ ಬರೆಸಿಕೊಂಡು ಬಂದ, ನಾವು ಹೌದೆಂದೆವು.

ಬೂದು ಬಣ್ಣದ ಸಫಾರಿ, ಕಿಸೆಯಲ್ಲಿ ಸಾಲಾಗಿ ಪೆನ್ನು. ಒಂದರಲ್ಲೂ ಅವನು ಬರೆದದ್ದನ್ನು ನಾನು ನೋಡಲಿಲ್ಲ. ಹಲ್ಲು ಕೆದಕಿಕೊಳ್ಳಲು ಪೆನ್ನಿನ ಟೊಪ್ಪಿಗೆ ತೆಗೆದದ್ದುಂಟು. ಮಾತಾಡುವ ಮುಂಚೆ ಕಣ್ಣು ಮುಚ್ಚಿ ಗಂಟಲು ಸರಿ ಮಾಡಿಕೊಳ್ಳುವನು, ಕೇಳುವವರು ಸುಮ್ಮನಾಗಲಿ ಎಂದು. ಸುಮ್ಮನಿದ್ದವರ ಮುಂದೆಯೂ ಹಾಗೆ ಮಾಡುವನು. ಯಾರ ಮನೆಯಲ್ಲಿ ಏನೇ ಕೆಟ್ಟದ್ದಾಗಲಿ, "ನಾ ಮೊದ್ಲ ಹೇಳಿದ್ನೆಲ್ಲಾ" ಎನ್ನುವನು. ಮಳೆ ಬಾರದಿದ್ದರೂ ಮೊದಲೇ ಹೇಳಿದ್ದ, ಬಂದು ಗೋಡೆ ಬಿದ್ದರೂ ಮೊದಲೇ ಹೇಳಿದ್ದ.

ಅವನ ನಾಲಿಗೆಯ ಮೇಲೆ ಹಗಲೂ ಸಂಜೆ ಇದ್ದದ್ದು ಸುಂಕ. ಹೊರದೇಶದಿಂದ ಬರುವ ಮಾಲಿಗೆ ನಮ್ಮ ಸರಕಾರ ಹಾಕುವ ಸುಂಕ. ಓಣಿಯ ಹುಡುಗರು 'ಸುಂಕದ ಸಾವಕಾರ' ಎಂದೇ ಕರೆಯುತ್ತಿದ್ದರು. ಸುಂಕದವನ ಮುಂದೆ ಸುಖದುಃಖ ಹೇಳಬಾರದು ಎಂಬ ಗಾದೆ ನಮ್ಮ ಅವ್ವನ ಬಾಯಲ್ಲಿ ಕೇಳಿದ್ದೆ. ಇವನ ಹತ್ತಿರ ಅದು ತಿರುವುಮುರುವು: ನಾವು ಸುಖದುಃಖ ಹೇಳಿಕೊಳ್ಳಲು ಹೋದರೆ ಇವನು ಸುಂಕ ಹೇಳುತ್ತಿದ್ದ.

ನಮ್ಮ ಗಿರಣಿ ಕಟ್ಟೆಯ ಮೇಲೆ ಕೂತು, ನಾನು ಕೊಟ್ಟ ಚಹಾ ಬಸಿಯಲ್ಲಿ ಸುರುವಿಕೊಳ್ಳುತ್ತ ಹೇಳಿದ್ದು ಇನ್ನೂ ನೆನಪಿದೆ.

"ದೇಶ ದೇಶ ಕೂಡಿ ಮಾತಿಗೆ ಕುಂದರ್ತಾವ. ನನ್ನ ಮಾಲಿಗೆ ನೀ ಬಾಗಲಾ ತಗಿ, ನಿನ್ನ ಮಾಲಿಗೆ ನಾ ತಗೀತೇನಿ ಅಂತ. ಮಷಿನ್ನು, ಅರಿವಿ, ಕಂಪ್ಯೂಟರು, ಕಬ್ಬಿಣದ ಸಾಮಾನು, ಇವುಕ್ಕೆಲ್ಲಾ ನಮ್ಮವರು ಸುಂಕ ಇಳಿಸ್ಕೋತ ಬಂದಾರ. ಹೊಲದ ಮಾಲಿಗೆ ಮಾತ್ರ ಎತ್ತರಕ ಗ್ವಾಡಿ ಇಟ್ಕೊಂಡಾರ."

"ಹಂಗಾರ ಎಣ್ಣಿ ಹೊಲದ ಮಾಲ ಅಲ್ಲೇನ್ರಿ?" ಎಂದರು ನಮ್ಮ ಯಜಮಾನರು. ಪಾಪ, ಅವರು ಅವನ ಮುಂದೆ ಕಟ್ಟೆಯ ಮೇಲೆ ಕೂಡುತ್ತಲೇ ಇರಲಿಲ್ಲ, ನಿಂತೇ ಕೇಳುವರು.

"ಅಲ್ಲೇ ಐತಿ ನೋಡು ಮಜಾ. ಇದರ ಮ್ಯಾಲ ಏರಸಂಗಿಲ್ಲ ಅಂತ ಜಗತ್ತಿಗೆ ಮಾತು ಕೊಟ್ಟದ್ದು ಒಂದು, ಖರೇ ವಸೂಲಿ ಮಾಡೋದು ಇನ್ನೊಂದು. ಸೋಯಾ ಎಣ್ಣಿಗೆ ಹಿಂದ ಎಂದೋ ಕಡಿಮಿಗೆ ಮಾತು ಕೊಟ್ಟಾರ, ಅಲ್ಲಿ ಕೈ ಕಟ್ಟಿದಂಗ. ಪಾಮ್ ಎಣ್ಣಿಗೆ ಗ್ವಾಡಿ ಮುಗಿಲಿನ ತನಕಾ ಕಟ್ಟಾಕ ಬರತೈತಿ. ಆದ್ರ ಕಟ್ಟಂಗಿಲ್ಲ. ಎಣ್ಣಿ ತುಟ್ಟಿ ಆದ್ರ ಪ್ಯಾಟಿ ಮಂದಿ ಅಳ್ತಾರ. ಮತ್ತ ಈಗ ಮಲೇಶಿಯಾ, ಇಂಡೋನೇಶಿಯಾದವರ ಕೂಡ ಬ್ಯಾರೇನ ಮಾತುಕತಿ ನಡದಾವ. ನಮ್ಮ ಫ್ಯಾಕ್ಟರಿ ಮಾಲಿಗೆ ಅವರು ಬಾಗಲಾ ತಗದ್ರ, ಅವರ ಎಣ್ಣಿಗೆ ನಾವು ತಗೀಬೇಕು. ಅಲ್ಲಿಗೆ ನಿನ್ನ ಗಾಣ ಗುಜರಿಗೆ. ಗುಜರಿಗೆ ಹಾಕೂ ಮುಂಚೆ ನನಗೊಂದ ಮಾತು ಹೇಳಪಾ, ಮಷಿನ್ ನಾನ ತಗೋತೇನಿ."

ಇದರಲ್ಲಿ ಸುಳ್ಳಿರಲಿಲ್ಲ. ಆಮೇಲೆ ಓದಿದವರನ್ನೂ ಕೇಳಿ ನೋಡಿದ್ದೇನೆ, ಅಷ್ಟೂ ಖರೆ ಎಂದರು. ಅವನ ಬಗ್ಗೆ ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ. ತಿಳಿಯದೆ ಮೋಸ ಮಾಡಿದವನನ್ನು ದಡ್ಡ ಎಂದು ಬಿಟ್ಟುಬಿಡಬಹುದು. ಇವನಿಗೆ ಎಲ್ಲ ತಿಳಿದಿತ್ತು. ಯಾವ ಬಾಗಿಲು ಎಂದು ತೆರೆಯುತ್ತದೆ ಎಂದು ನಮಗೆ ಹೇಳಿ ಹೆದರಿಸಿ, ತಾನು ಹೋಗಿ ಅದೇ ಬಾಗಿಲ ಹೊರಗೆ ಚೀಲ ಹಿಡಿದು ನಿಂತಿದ್ದ.

ಒಮ್ಮೆ ದಿಲ್ಲಿಗೆ ಹೋಗಿ ಬಂದ, ಸುಂಕ ಏರಿಸಿರಿ ಎಂದು ಮಂತ್ರಿಗಳಿಗೆ ಹೇಳಲು. ಫೋಟೋ ತಂದು ಸಂಘದ ಆಫೀಸಿನಲ್ಲಿ ಕಟ್ಟು ಹಾಕಿಸಿದ. ಫೋಟೋದಲ್ಲಿ ಮಂತ್ರಿ ಇದ್ದ, ಸುತ್ತ ಜಾತ್ರೆಯಷ್ಟು ಜನ ಇದ್ದರು, ಇವನದು ಒಂದು ಕಿವಿ ಮಾತ್ರ ಇತ್ತು. "ಇದು ನಂದು" ಎಂದು ಬಂದವರಿಗೆಲ್ಲ ಬೆರಳಿಟ್ಟು ತೋರಿಸುವನು. ಆಮೇಲೆ ಹಾವೇರಿಯಲ್ಲಿ ಇವನಿಗೆ ಸನ್ಮಾನವಾಯಿತು. ಕೊರಳಿಗೆ ದೊಡ್ಡ ಏಲಕ್ಕಿ ಮಾಲೆ ಹಾಕಿದರು. ಮಾಲೆ ಮಾಡಿದ ಮುದುಕ ನಮ್ಮ ಬೀಗರ ಪೈಕಿ. ಅವನೇ ಹೇಳಿದ: "ಸಾವಕಾರ್ರು ತಾವ ಬಂದು ಕೊರಳಿಗೆ ಹಿಡದು ಅಳತಿ ಕೊಟ್ಟು ಹೋಗ್ಯಾರ." ಆ ಮಾಲೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟು, ಮುಂದೆ ಯಾವ ಸಾಹೇಬ ಊರಿಗೆ ಬಂದರೂ ಅವನ ಕೊರಳಿಗೆ ಅದನ್ನೇ ಹಾಕಿ, ಫೋಟೋ ತೆಗೆಸಿ, "ಭಾರ ಆಗತೈತ್ರಿ ಸಾಹೇಬ್ರ" ಎಂದು ತಾನೇ ಬಿಚ್ಚಿಕೊಂಡು ಬರುತ್ತಿದ್ದ.

ಹಾವೇರಿ ದನದ ಸಂತೆಯಲ್ಲಿ ಅವನು ಎತ್ತು ಕೊಳ್ಳಲು ಹೋದ ಕಥೆಯನ್ನು ನಮ್ಮ ಯಜಮಾನರು ನಗುತ್ತ ಹೇಳುತ್ತಿದ್ದರು. ಅವರು ಅವನನ್ನು ನೆನೆದು ನಕ್ಕದ್ದು ಅದೊಂದಕ್ಕೇ. ಅಲ್ಲಿ ಬಾಯಿಂದ ಬೆಲೆ ಹೇಳುವ ಪದ್ಧತಿ ಇಲ್ಲ. ದಲಾಲಿ ತನ್ನ ಹೆಗಲ ವಲ್ಲಿಯನ್ನು ಕೈ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದು ಬೆಲೆ ತಿಳಿಸುತ್ತಾನೆ, ಪಕ್ಕದವನಿಗೆ ಗೊತ್ತಾಗುವುದಿಲ್ಲ. ಇವನು ದಲಾಲಿಗೆ, "ದೇಶ ದೇಶದ ಮಾತುಕತಿನೂ ಹಿಂಗ ನಡೀತಾವಪಾ" ಎಂದು ಒಂದು ಭಾಷಣ ಮುಗಿಸಿ ಕೈ ಕೊಟ್ಟನಂತೆ. ದಲಾಲಿ ಬೆರಳು ಹಿಡಿದದ್ದೇ ತಡ, ಸಾವಕಾರ "ಇಷ್ಟ್ಯಾಕಲೇ!" ಎಂದು ಬೆಲೆಯನ್ನು ಇಡೀ ಸಂತೆಗೆ ಕೇಳುವಂತೆ ಕೂಗಿದ. ಎತ್ತಿನವನು ಹಗ್ಗ ಬಿಚ್ಚಿಕೊಂಡು ಹೋದ. ದಲಾಲಿ ವಲ್ಲಿ ಕೊಡವಿ, "ಸಾವಕಾರ್ರ, ನೀವು ದೇಶದ್ದ ನೋಡ್ಕೋರಿ, ಎತ್ತು ನಮಗ ಬಿಡ್ರಿ" ಎಂದನಂತೆ.

ಬ್ಯಾಡಗಿಯಲ್ಲಿ ನನ್ನ ಅಕ್ಕ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿಯ ವರ್ತಕರ ಸಭೆಗೂ ಇವನು ಭಾಷಣಕ್ಕೆ ಹೋದ. ಹೊರದೇಶದ ಮೆಣಸಿನಕಾಯಿಗೆ ಸುಂಕ ಎತ್ತರವೇ ಇದೆ, ಬ್ಯಾಡಗಿಯವರಿಗೆ ಆಗ ಆ ಭಯವಿರಲಿಲ್ಲ. ಆ ಪುಣ್ಯವನ್ನೂ ಇವನು ತನ್ನ ಕಿಸೆಗೆ ಹಾಕಿಕೊಂಡ. "ನಿಮ್ಮ ಕಾಯಿಗೆ ಗ್ವಾಡಿ ಉಳಿಸಿಕೊಟ್ಟವರು ನಾವು" ಎಂದ. ಎಣ್ಣೆಗೆ ಯಾಕೆ ಉಳಿಸಿಕೊಳ್ಳಲಿಲ್ಲ ಎಂದು ಯಾರೋ ಕೇಳಿದರೆ, "ಅದು ದಿಲ್ಲಿಯವರ ತಪ್ಪು" ಎಂದ. ಅಷ್ಟರಲ್ಲಿ ಘಾಟು ಹತ್ತಿ ಸೀನು ಶುರುವಾಯಿತು. ಭಾಷಣ ನಿಂತಿತು, ಸೀನು ನಿಲ್ಲಲಿಲ್ಲ.

"ಏನ್ ಬೇ ತಂಗಿ," ಎಂದಳು ಅಕ್ಕ, "ನಿಮ್ಮೂರ ಸಾವಕಾರ ನಮ್ಮ ಮೆಣಸಿನಕಾಯಿ ಕಾಯ್ತಾನಂತ. ಮೊದಲ ತನ್ನ ಮೂಗು ಕಾಯ್ಕೋ ಅನ್ನು."

ಎರಡು ಸಾವಿರದ ಎಂಟನೆಯ ಇಸವಿಯಲ್ಲಿ ಎಲ್ಲ ತುಟ್ಟಿಯಾಯಿತೆಂದು ದಿಲ್ಲಿಯವರು ಹೊರಗಿನ ಕಚ್ಚಾ ಎಣ್ಣೆಯ ಮೇಲಿನ ಸುಂಕವನ್ನು ಪೂರ್ತಿ ತೆಗೆದು ಹಾಕಿದರು, ಶುದ್ಧ ಮಾಡಿದ್ದಕ್ಕೆ ಹೆಸರಿಗಷ್ಟು ಉಳಿಸಿದರು. ಅಂಗಡಿಗಳಲ್ಲಿ ಪಾಮ್ ಎಣ್ಣೆ ಅಗ್ಗವಾಯಿತು, ನಮ್ಮ ಶೇಂಗಾ ಎಣ್ಣೆಯ ಡಬ್ಬಿಗಳು ಮೂಲೆಯಲ್ಲಿ ನಿಂತವು. ನಮ್ಮ ಮಗನ ಮದುವೆಯಾಗಿ ಆಗಷ್ಟೇ ಸೊಸೆ ಬಂದಿದ್ದಳು. ಗಿರಣಿ ನಿಂತರೆ ಅವನು ಹರಿಹರದ ಕಡೆ ಯಾವುದಾದರೂ ಫ್ಯಾಕ್ಟರಿಗೆ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು. ನಮಗೆ ಉಳಿದದ್ದು ದೀಪಾವಳಿ ಒಂದೇ. ಹಬ್ಬಕ್ಕೆ ಕರಿಯುವ ಎಣ್ಣೆ ಶೇಂಗಾದ್ದೇ ಆಗಬೇಕು ಎನ್ನುವ ಮನೆಗಳು ಇನ್ನೂ ಇದ್ದವು, ಹೊಸ ಶೇಂಗಾ ಕೂಡ ಅದೇ ಹೊತ್ತಿಗೆ ಬರುತ್ತದೆ. ಆ ಹಬ್ಬ ದಾಟಿಸಿದರೆ ಗಿರಣಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮ ಯಜಮಾನರು ರಾತ್ರಿ ಉಣ್ಣುವಾಗ ಸುಮ್ಮನೆ ಎದ್ದು ಹೋಗಿ ಮೋಟಾರಿನ ಮೇಲೆ ಕೈ ಇಟ್ಟು ಬರುವರು.

ಆಗ ಅಧ್ಯಕ್ಷ ಸಭೆ ಕರೆದ. ಹಬ್ಬದ ಮುಂದೆ ಊರಿನ ಎಣ್ಣೆ ಗಿರಣಿಗಳೆಲ್ಲ ಬಂದ್ ಮಾಡಬೇಕು, ಊರಿಗೆ ಎಣ್ಣೆ ಇಲ್ಲವಾದರೆ ದಿಲ್ಲಿಗೆ ಬಿಸಿ ತಟ್ಟುತ್ತದೆ, ಸುಂಕ ಏರುತ್ತದೆ ಎಂದ. ಅಷ್ಟೇ ಅಲ್ಲ. ಕದ್ದು ಯಾರೂ ಗಾಣ ತಿರುಗಿಸಬಾರದು ಎಂದು, ಪ್ರತಿಯೊಬ್ಬರೂ ತಮ್ಮ ಗಿರಣಿಯ ಪಟ್ಟಾ ಬಿಚ್ಚಿ ತಂದು ಅವನ ಗೋಡೌನಿನಲ್ಲಿ ಇಡಬೇಕೆಂದ. ಪಟ್ಟಾ ಇಲ್ಲದ ಗಿರಣಿ ಎಂದರೆ ನಾಲಿಗೆ ಇಲ್ಲದ ಬಾಯಿ. ಗುಡಿಯಲ್ಲಿ ಕಾಯಿ ಒಡೆಸಿದ, ಎಲ್ಲರೂ ಆಣೆ ಮಾಡಿ ಹಣೆಗೆ ದೇವರ ಭಂಡಾರ ಹಚ್ಚಿಕೊಂಡರು.

ಯಜಮಾನರು ಪಟ್ಟಾ ಬಿಚ್ಚಿ ಸುತ್ತುವಾಗ ನಾನು ಕೇಳಿದೆ, "ಅಲ್ರೀ, ಎಣ್ಣಿ ಹೊರಗಿಂದ ಬರ್ತೈತಿ ಅಂತ ಸಿಟ್ಟು. ಅದಕ್ಕ ನಾವು ನಮ್ಮ ಗಾಣ ಯಾಕ ನಿಲ್ಲಸೂದು? ಮಂದಿ ಹಬ್ಬಕ್ಕ ಕರ್ಚಿಕಾಯಿ ನೀರಾಗ ಕರೀತಾರೇನು?"

"ನಿನಗ ತಿಳಿಯಂಗಿಲ್ಲ ಸುಮ್ನಿರು. ಅಧ್ಯಕ್ಷರು ಹೇಳ್ಯಾರ."

"ಅಧ್ಯಕ್ಷರು ಕೆರಿಗೆ ಬೀಳು ಅಂದ್ರ?"

"ಎಲ್ಲಾರೂ ಬಿದ್ರ ನಾನೂ ಬೀಳಾಂವ" ಎಂದು ಪಟ್ಟಾ ಹೆಗಲಿಗೆ ಹಾಕಿಕೊಂಡು ಹೋದರು. ಒಗ್ಗಟ್ಟು ಎಂದರೆ ಅವರಿಗೆ ಅಷ್ಟು ದೊಡ್ಡದು. ಹಾಗೆಯೇ ಉಳಿದ ಸಣ್ಣ ಗಿರಣಿಯವರೂ ಒಬ್ಬರ ಹಿಂದೊಬ್ಬರು ಹೋಗಿ ತಮ್ಮ ಪಟ್ಟಾ ಒಪ್ಪಿಸಿ ಬಂದರು.

ಗಿರಣಿ ನಿಂತ ಮೇಲೆ ಓಣಿ ಸತ್ತಂತಾಯಿತು. ಹಲಗೇರಿ ಕಡೆಯವರು ಶೇಂಗಾ ಕಾಳಿನ ಚೀಲ ತಂದು, ಕಟ್ಟೆಯ ಮೇಲೆ ಕೂತು, "ಯಾವಾಗರೀ?" ಎಂದು ಕೇಳಿ, ಚೀಲ ನಮ್ಮಲ್ಲೇ ಬಿಟ್ಟು ಹೋದರು. ನಾನು ಬೆಲ್ಲ ತರಲು ಅಂಗಡಿಗೆ ಹೋದೆ. ಬಾಗಿಲಿನಿಂದ ಮಾಳಿಗೆಯವರೆಗೆ ಪಾಮ್ ಎಣ್ಣೆಯ ಡಬ್ಬಿ ಒಟ್ಟಿದ್ದಾರೆ!

"ಯಾರು ಕೊಟ್ರಪಾ ಇಷ್ಟು?"

"ನಿಮ್ಮ ಅಧ್ಯಕ್ಷರ ಗೋಡೌನಿಂದನ ಬಂದಾವ ಬೇ. ಲಾರಿ ಮ್ಯಾಲ ಲಾರಿ. ಎಲ್ಲಾ ಅಂಗಡಿಗೂ ಕೊಟ್ಟಾರ."

ಮನೆಗೆ ಬಂದು ಹೇಳಿದರೆ ಯಜಮಾನರು ನನ್ನ ಮೇಲೇ ಸಿಟ್ಟಾದರು. "ಅಂಗಡ್ಯಾಂವ ಸುಳ್ಳು ಹೇಳ್ಯಾನ. ಭಂಡಾರ ಹಚ್ಚಿಕೊಂಡ ಮನಿಷ್ಯಾ ಹಂಗ ಮಾಡ್ತಾನೇನು?" ಎಂದರು. ಸಿಟ್ಟಿನಲ್ಲಿ ಹೇಳಿದರೂ ಕಣ್ಣು ನನ್ನ ಕಡೆ ಇರಲಿಲ್ಲ.

ಮರುದಿನ ಮಧ್ಯಾಹ್ನ ಒಂದು ಆಟೋ ಬಂದು ನಿಂತಿತು. ಅಧ್ಯಕ್ಷನ ಹೆಂಡತಿ ಇಳಿದಳು. ಒಳ್ಳೆಯ ಹೆಣ್ಣುಮಗಳು, ಅವಳ ಬಗ್ಗೆ ನನ್ನ ಮಾತಿಲ್ಲ. ಕೆಳಗೆ ಇಳಿಸಿದ್ದು ಒಂದು ಚೀಲ ಶೇಂಗಾ ಕಾಳು, ಒಂದು ಖಾಲಿ ಡಬ್ಬಿ, ಕಂಕುಳಲ್ಲಿ ಸೀರೆ ಸುತ್ತಿದ ಒಂದು ಗಂಟು.

"ತಂಗೀ, ಹಬ್ಬಕ್ಕ ಒಂದೀಟು ಎಣ್ಣಿ ತಗದು ಕೊಡವಾ. ನಮ್ಮ ಗಿರಣಿ ಹೆದ್ದಾರಿ ಮ್ಯಾಲ ಐತಿ, ತಿರುಗಿದ್ರ ಊರ ಮಂದಿ ನೋಡ್ತಾರ. ನಿಮ್ಮದು ಒಳ ಓಣಿ. ಹೋಗಿ ಮಾಡಿಸ್ಕೊಂಡು ಬಾ ಅಂತ ಇವರ ಕಳಿಸ್ಯಾರ. ಆ ಡಬ್ಬಿ ಎಣ್ಣಿ ಇವರಿಗೆ ಹೊಟ್ಟಿಗೆ ಒಗ್ಗಂಗಿಲ್ಲ ನೋಡು, ಎದಿ ಉರೀತೈತಿ ಅಂತಾರ."

"ಪಟ್ಟಾ ಇಲ್ಲಲ್ರೀ ಅಕ್ಕಾರ, ನಿಮ್ಮಲ್ಲೇ ಐತಿ."

"ತಂದೇನಲ್ಲ" ಎಂದು ಸೀರೆ ಬಿಚ್ಚಿದಳು.

ನಮ್ಮದೇ ಪಟ್ಟಾ. ನಡುವೆ ಹರಿದಲ್ಲಿ ಯಜಮಾನರು ಚಕ್ಕಳದ ತುಂಡು ಹೊಲಿದಿದ್ದ ಹೊಲಿಗೆ ಇನ್ನೂ ಎಣ್ಣೆ ಕುಡಿದು ಮಿಂಚುತ್ತಿತ್ತು. ಯಜಮಾನರು ಅದನ್ನು ಕೈಗೆ ತೆಗೆದುಕೊಂಡು ಆ ಹೊಲಿಗೆಯನ್ನು ಹೆಬ್ಬೆರಳಿನಿಂದ ಸವರಿದರು.

ಆಮೇಲೆ ಮಗನಿಗೆ, "ಕರೆಂಟ್ ಐತೇನ್ ನೋಡಲೇ" ಎಂದರು.

ಇತ್ತು. ಪಟ್ಟಾ ಏರಿಸಿದರು, ಗಾಣ ತಿರುಗಿತು. ಅಧ್ಯಕ್ಷನ ಮನೆಯ ಕಾಳು ಮುಗಿಯಿತು, ಅವಳ ಡಬ್ಬಿ ತುಂಬಿತು. ಯಜಮಾನರು ಮೋಟಾರು ಆರಿಸಲಿಲ್ಲ. ಹಲಗೇರಿಯವರ ಚೀಲದ ಬಾಯಿ ಬಿಚ್ಚಿ ಸುರುವಿದರು. ನಾನು ಹೋಗಿ ಓಣಿ ಕಡೆಯ ಬಾಗಿಲನ್ನು ಅಗಲವಾಗಿ ತೆರೆದಿಟ್ಟೆ. ಆ ಸದ್ದು, ಆ ವಾಸನೆ! ಮೊಮ್ಮಗಳ ಮೊದಲ ಅಳು ಕೇಳಿದಾಗ ನನಗೆ ನೆನಪಾದದ್ದು ಅದೇ ಮಧ್ಯಾಹ್ನ.

ಮೊದಲು ಹಿಂದಿನ ಓಣಿಯ ಗಿರಣಿಯವನು ಬಂದ. "ಏ ಯಣ್ಣಾ, ಭಂಡಾರ ಹಚ್ಚಿಕೊಂಡು ಇದೇನು ಹಲ್ಕಾ ಕೆಲಸ? ಪಟ್ಟಾ ಎಲ್ಲಿಂದ ಬಂತು ನಿನಗ?"

"ಅಕ್ಕಾರ ಕುಂತಾರಲ್ಲ, ಅವರನ್ನ ಕೇಳು" ಎಂದೆ ನಾನು.

"ನಾನ ತಂದು ಕೊಟ್ಟೆನಪಾ," ಎಂದಳು ಆ ಹೆಣ್ಣುಮಗಳು, ಏನೂ ಮುಚ್ಚಿಡದೆ. "ಇವರಿಗೆ ಶೇಂಗಾ ಎಣ್ಣಿನ ಆಗಬೇಕಲ್ಲ."

ಅವನು ಅವಳ ಡಬ್ಬಿ ನೋಡಿದ, ಗಾಣ ನೋಡಿದ, ತಿರುಗಿ ಓಡಿದ. ಸ್ವಲ್ಪ ಹೊತ್ತಿನಲ್ಲಿ ಸಣ್ಣ ಗಿರಣಿಯವರೆಲ್ಲ ನಮ್ಮ ಬಾಗಿಲಲ್ಲಿ ಇದ್ದರು. ಅಂಗಡಿಯ ಡಬ್ಬಿಗಳ ಸುದ್ದಿ ಒಬ್ಬೊಬ್ಬರ ಮನೆಯಲ್ಲೂ ಹೆಂಗಸರು ಮೊದಲೇ ಹೇಳಿದ್ದರು, ಒಬ್ಬೊಬ್ಬ ಗಂಡನೂ ನಂಬದೆ ಬೈದಿದ್ದ. ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸದ್ದಿನ ಸುದ್ದಿ ಹತ್ತಿ ಅಧ್ಯಕ್ಷ ಕಾರಿನಲ್ಲಿ ಬಂದ. ಇಳಿಯುವಾಗಲೇ ಕಣ್ಣು ಮುಚ್ಚಿ ಗಂಟಲು ಸರಿ ಮಾಡಿಕೊಂಡ.

"ಒಗ್ಗಟ್ಟು ಮುರದ್ರಿ! ದಿಲ್ಲಿಗೆ ನಾ ಏನಂತ ಮುಖ ತೋರಿಸ್ಲಿ? ನಾ ಮೊದ್ಲ..." ಎನ್ನುವಾಗ ಚಪ್ಪರದ ಕೆಳಗೆ ಕೂತಿದ್ದ ಹೆಂಡತಿ ಕಂಡಳು.

"ಸಾವಕಾರ್ರ, ಗೋಡೌನ್ ಕೀಲಿ ಕೊಡ್ರಿ" ಎಂದ ಹಿಂದಿನ ಓಣಿಯವನು.

"ನಾಳಿಗೆ ಸಭಾ ಕರದು..."

"ಸಭಾ ಇಲ್ಲೇ ಕೂಡೈತ್ರಿ. ಕೀಲಿ."

ಕೊಟ್ಟ. ಪೆನ್ನುಗಳ ಹಿಂದೆ ಇಟ್ಟಿದ್ದ ಕೀಲಿಯನ್ನು ತೆಗೆದು ಕೊಟ್ಟ. ಅವರೆಲ್ಲ ಪಟ್ಟಾ ತರಲು ಹೋದರು. ದೀಪಾವಳಿಯವರೆಗೆ ರಾಣೆಬೆನ್ನೂರಿನ ಸಣ್ಣ ಗಾಣಗಳು ಬಿಡುವಿಲ್ಲದೆ ತಿರುಗಿದವು. ನಮ್ಮದು ಇಂದಿಗೂ ತಿರುಗುತ್ತಿದೆ. ಅಗ್ಗದ ಎಣ್ಣೆ ಊರು ಬಿಟ್ಟು ಹೋಗಲಿಲ್ಲ, ಸುಂಕ ನಮಗಾಗಿ ಏರಲಿಲ್ಲ; ಆದರೆ ತಮ್ಮ ಕಾಳು ತಂದು ಎಣ್ಣೆ ಮಾಡಿಸಿಕೊಂಡು ಹೋಗುವ ಮನೆಗಳು ನಮ್ಮನ್ನು ಕೈಬಿಡಲಿಲ್ಲ. ಮಗ ಹರಿಹರಕ್ಕೆ ಹೋಗಲಿಲ್ಲ. ಹೋಗಿದ್ದರೆ ಸೊಸೆಯೂ ಹೋಗುತ್ತಿದ್ದಳು, ನನ್ನ ಬಂಗಾರದಂಥ ಕೂಸು ಅಲ್ಲೆಲ್ಲೋ ಹುಟ್ಟಿ ಅಲ್ಲೆಲ್ಲೋ ಬೆಳೆಯುತ್ತಿತ್ತು.

ಅವನ ಮಾತು ಮುಗಿಸುತ್ತೇನೆ. ಅಷ್ಟಾದ ಮೇಲೆ ಮಾನವಿದ್ದವನು ಕಾರು ಹತ್ತಿ ಹೋಗುತ್ತಿದ್ದ. ಇವನು ಹೋಗಲಿಲ್ಲ. ಬಗ್ಗಿ ಎಣ್ಣೆ ಡಬ್ಬಿ ಎತ್ತಿಕೊಂಡ, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ, ಹೆಂಡತಿಯನ್ನು ಕಾರಿಗೆ ಹತ್ತಿಸಿ ಅವಳ ತೊಡೆಯ ಮೇಲೆ ಇಟ್ಟ. ತಾನೂ ಒಳಗೆ ಕೂತು, ಬಾಗಿಲು ಹಾಕುವ ಮುಂಚೆ ಮತ್ತೆ ತಲೆ ಹೊರಗೆ ಹಾಕಿ ಕೇಳಿದ:

"ಹಿಂಡಿ ಎಲ್ಲಿ?"

ನಮ್ಮಲ್ಲಿ ಕಾಳು ತಂದು ಎಣ್ಣೆ ಮಾಡಿಸುವವರು ಬೇರೆ ಕೂಲಿ ಕೊಡುವುದಿಲ್ಲ. ಎಣ್ಣೆ ತೆಗೆದು ಉಳಿಯುವ ಹಿಂಡಿಯನ್ನು ಗಿರಣಿಯವರಿಗೆ ಬಿಟ್ಟು ಹೋಗುತ್ತಾರೆ. ಅದೇ ನಮ್ಮ ಕೂಲಿ. ಇದು ಕೂಸಿಗೂ ಗೊತ್ತು. ಎಲ್ಲ ಕಳೆದುಕೊಂಡು ನಿಂತ ಆ ಹೊತ್ತಿನಲ್ಲೂ ಅವನಿಗೆ ನಮ್ಮ ಆ ಕೂಲಿ ಬೇಕಿತ್ತು.

"ಎಮ್ಮಿ ತಿಂದ್ವು ರೀ ಸಾವಕಾರ್ರ" ಎಂದೆ.

ಗಾಣದಿಂದ ಆಗಷ್ಟೇ ಬಿದ್ದ ಹಿಂಡಿ, ಮುಟ್ಟಿದರೆ ಕೈ ಸುಡುತ್ತದೆ. ಅದನ್ನು ಯಾವ ಎಮ್ಮೆಯೂ ಮೂಸುವುದಿಲ್ಲ. ಅವನ ಕಣ್ಣ ಮುಂದೆಯೇ ರಾಶಿ ಬಿದ್ದಿತ್ತು, ಮೇಲೆ ಹಬೆ ಏಳುತ್ತಿತ್ತು. ಎಣ್ಣೆ ಗಿರಣಿಗಳ ಅಧ್ಯಕ್ಷ ಅದನ್ನು ನೋಡಿದ, ಎಮ್ಮೆಗಳನ್ನು ನೋಡಿದ, "ಹೌದಾ? ತಿನ್ಲಿ ತಿನ್ಲಿ" ಎಂದು ದೊಡ್ಡ ಮನಸ್ಸು ಮಾಡಿ ಬಾಗಿಲು ಹಾಕಿಕೊಂಡ.